ಯುರೋಪಿನಲ್ಲಿ ಕ್ಯಾಂಪರ್‌ವ್ಯಾನ್ ಪ್ರವಾಸ: ಹೋಗಿ ಬಂದವರು ಹೇಳಿ

ಕೇಳಿದವರು: ಧಾರವಾಡ, ಸಪ್ತಾಪುರ

ನಾನು, ನಮ್ಮ ಮನೆಯವರು ಇಬ್ಬರೇ ಬರುವ ಮೇ ಕೊನೆಗೆ ಯುರೋಪಿಗೆ ಹೋಗಬೇಕೆಂದಿದ್ದೇವೆ. ಗುಂಪಿನ ಟೂರು ಬೇಡ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಬಸ್ಸಿಗೆ ಹತ್ತಿಸುವುದು ನಮಗೆ ಆಗಿಬರುವುದಿಲ್ಲ. ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಂಡು, ಅದರಲ್ಲೇ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗಿ ತಿರುಗುವ ಆಸೆ. ಇಬ್ಬರೂ ನಿವೃತ್ತರು, ಸಸ್ಯಾಹಾರಿಗಳು. ಇಬ್ಬರಿಗೂ ಕಾರು ಬರುತ್ತದೆ, ದೊಡ್ಡ ಗಾಡಿ ಓಡಿಸಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ, ಕ್ರೊಯೇಷಿಯಾ, ಫ್ರಾನ್ಸ್, ಸ್ಪೇನ್ ಎಲ್ಲಾ ಒಂದು ತಿಂಗಳಲ್ಲಿ ಆಗುತ್ತಾ? ವೀಸಾ, ಲೈಸನ್ಸ್, ರಾತ್ರಿ ಎಲ್ಲಿ ನಿಲ್ಲುವುದು, ತಿನ್ನಲು ಏನು ಒಯ್ಯುವುದು, ಗೊತ್ತಿದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ, ವಿದ್ಯಾನಗರ

ಅಕ್ಕಾವ್ರೇ, ಖಂಡಿತ ಹೋಗಿ. ಆದರೆ ಆ ಪಟ್ಟಿಯಲ್ಲಿ ಮೂರು ದೇಶ ಇವತ್ತೇ ಹೊಡೆದುಹಾಕಿ. ವ್ಯಾನ್ ತಗೊಂಡರೆ ಮನೆಗೆಲಸವೂ ಜೊತೆಗೇ ಬರುತ್ತದೆ. ನೀರು ತುಂಬಬೇಕು, ಪಾತ್ರೆ ತೊಳೆದ ನೀರು ಬಿಡಬೇಕು, ಗಾಡಿ ಮಟ್ಟಸ ನಿಲ್ಲಿಸಬೇಕು. ದಿನಾ ಊರು ಬದಲಿಸಿದರೆ ಇದರಲ್ಲೇ ಹೊತ್ತು ಹೋಗುತ್ತದೆ. ದಿನಕ್ಕೆ 200 ಕಿಲೋಮೀಟರ್ ಸಾಕು. ಒಂದು ಕಡೆ ಎರಡು ರಾತ್ರಿಯಾದರೂ ಇರಿ. ನಾನು, ನನ್ನ ಹೆಂಡತಿ ಜರ್ಮನಿಯ ಮೋಸೆಲ್ ನದಿ ದಂಡೆ, ಆಸ್ಟ್ರಿಯಾ, ಉತ್ತರ ಇಟಲಿ ಇಷ್ಟೇ ಮಾಡಿದೆವು. ಮೋಸೆಲ್ ದಂಡೆಯ ಊರುಗಳಲ್ಲಿ ನೀರಿನ ಪಕ್ಕಕ್ಕೇ ವ್ಯಾನ್ ನಿಲ್ಲಿಸುವ ಜಾಗ ಇರುತ್ತವೆ. ಹಿಂದೆ ಕಡಿದಾದ ಗುಡ್ಡದ ಮೇಲೆ ದ್ರಾಕ್ಷಿ ತೋಟ, ಮುಂದೆ ನದಿಯಲ್ಲಿ ಸರಕು ತುಂಬಿದ ಉದ್ದುದ್ದ ದೋಣಿಗಳು. ಕೊಕೆಮ್ ಕಡೆ ಹೋದರೆ ಎರಡು ದಿನ ಸುಮ್ನೆ ಕೂತುಬಿಡಿ.

ಇಬ್ಬರಿಗೆ ಫಿಯೆಟ್ ಡುಕಾಟೊ ಮೇಲೆ ಕಟ್ಟಿದ ವ್ಯಾನ್ ಸಾಕು. ಸುಮಾರು 6 ಮೀಟರ್ ಉದ್ದ, 2 ಮೀಟರಿಗಿಂತ ಚೂರು ಜಾಸ್ತಿ ಅಗಲ, ಎರಡೂವರೆ ಮೀಟರಿಗಿಂತ ಎತ್ತರ. ಒಟ್ಟು ತೂಕದ ಮಿತಿ 3.5 ಟನ್ ಒಳಗೇ ಇರಲಿ. ಕಾರಿನ ಲೈಸನ್ಸ್ ಅಲ್ಲಿ ನಡೆಯುವುದು ಅಷ್ಟಕ್ಕೇ. ಅದನ್ನು ದಾಟಿದರೆ ಟೋಲ್ ನಿಯಮವೂ ಬೇರೆ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿ. ಸಮುದ್ರ ದಂಡೆಯ ಎಷ್ಟೋ ಪಾರ್ಕಿಂಗ್‌ಗಳ ಬಾಗಿಲಲ್ಲಿ 2 ಮೀಟರ್ ಎತ್ತರಕ್ಕೆ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ.

ಟಾಯ್ಲೆಟ್ ವಿಷಯ ಎಲ್ಲರೂ ಕೇಳಲು ಮುಜುಗರಪಡುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ವ್ಯಾನಿನ ಹೊರಮೈಯಲ್ಲಿ ಒಂದು ಚಿಕ್ಕ ಬಾಗಿಲು ಇರುತ್ತದೆ. ಅದನ್ನು ತೆಗೆದು ಒಳಗಿನ ಪ್ಲಾಸ್ಟಿಕ್ ಡಬ್ಬಿ ಎಳೆಯಬೇಕು. ಹೆಚ್ಚಿನವಕ್ಕೆ ಹಿಡಿಕೆ, ಗಾಲಿ ಇರುತ್ತವೆ, ಉರುಳಿಸಿಕೊಂಡು ಹೋಗಬಹುದು. ಕ್ಯಾಂಪ್ ಜಾಗದಲ್ಲಿ ಅದಕ್ಕೆಂದೇ ಗುರುತು ಮಾಡಿದ ಕಡೆ ಕೊಳವೆ ತಿರುಗಿಸಿ ಬಗ್ಗಿಸಿ. ಸುರಿಯುವಾಗ ಗಾಳಿಯ ಗುಂಡಿ ಒತ್ತಿ ಹಿಡಿಯಿರಿ, ಆಗ ಮೈಮೇಲೆ ಸಿಡಿಯುವುದಿಲ್ಲ. ತೊಳೆದು, ಚೂರು ನೀರು, ವಾಸನೆ ತಡೆಯುವ ದ್ರಾವಣ ಹಾಕಿ ವಾಪಸ್ ತಳ್ಳಿ. ಐದು ನಿಮಿಷದ ಕೆಲಸ. ತುಂಬುವ ತನಕ ಕಾಯಬೇಡಿ, ಭಾರ ಆಗುತ್ತದೆ.

ವಿಮಾನ ಇಳಿದ ದಿನವೇ ಗಾಡಿ ತಗೋಬೇಡಿ. ಒಂದು ರಾತ್ರಿ ಹೋಟೆಲಲ್ಲಿ ನಿದ್ದೆ ಮಾಡಿ. ಅಲ್ಲಿ ಬಲಗಡೆ ಓಡಿಸಬೇಕು, ಗೇರು ಬಲಗೈಗೆ ಬರುತ್ತದೆ, ಸರ್ಕಲ್ಲನ್ನು ನಮ್ಮದಕ್ಕೆ ತಿರುವುಮುರುವಾಗಿ ಸುತ್ತಬೇಕು. ಮೊದಲೆರಡು ದಿನ ಪಕ್ಕದಲ್ಲಿ ಕೂತವರು ಪ್ರತಿ ತಿರುವಿನಲ್ಲೂ "ಬಲಕ್ಕೆ, ಬಲಕ್ಕೆ" ಅನ್ನುತ್ತಿರಲಿ. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆಗೆ ಹೋಗುವುದಿದ್ದರೆ ಅದು 2,504 ಮೀಟರ್ ತನಕ ಏರುತ್ತದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ, ಮೇ ಕೊನೆಗೆ ಸಾಮಾನ್ಯವಾಗಿ ತೆರೆದಿರುತ್ತದೆ. ಅರಬೈಲ್ ಘಟ್ಟದಲ್ಲಿ ಲೋಡ್ ಲಾರಿಗಳು ಇಳಿಯುವ ಹಾಗೆ ಇಳಿಯಿರಿ. ಸಣ್ಣ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ಒತ್ತಿ ಹಿಡಿದುಕೊಂಡೇ ಬರಬಾರದು.

ಹಾವೇರಿ

ಕಾಗದಪತ್ರದ ಭಾಗ ನಾನು ಹೇಳುತ್ತೇನೆ. ಷೆಂಗೆನ್ ವೀಸಾಕ್ಕೆ (ಯುರೋಪಿನ ಬಹುಪಾಲು ದೇಶಗಳಿಗೆ ಸೇರಿ ಒಂದೇ ವೀಸಾ) ಹೊರಡುವ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಅದಕ್ಕೆ ಬೇಗ ಶುರು ಮಾಡಿ. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು.

ವ್ಯಾನ್ ಪ್ರವಾಸದವರಿಗೆ ತೊಡಕು ಬರುವುದು ವಾಸದ ಪುರಾವೆಯಲ್ಲಿ. "ಎಲ್ಲಿ ಮನಸ್ಸು ಬರುತ್ತೋ ಅಲ್ಲಿ ಮಲಗುತ್ತೇವೆ" ಅಂತ ಬರೆದರೆ ನಡೆಯುವುದಿಲ್ಲ. ನಾವು ಕ್ಯಾಂಪ್ ಜಾಗಗಳನ್ನು ರದ್ದು ಮಾಡಲು ಬರುವ ಹಾಗೆ ಬುಕ್ ಮಾಡಿ, ವ್ಯಾನ್ ಬಾಡಿಗೆ ಪತ್ರ, ದಿನಕ್ಕೊಂದು ಸಾಲಿನ ಪ್ರವಾಸ ಪಟ್ಟಿ ಜೋಡಿಸಿ ಕೊಟ್ಟೆವು.

ಕ್ರೊಯೇಷಿಯಾ 2023ರಿಂದ ಷೆಂಗೆನ್ ಒಳಗೇ ಇದೆ. ಆದರೆ ಅಲ್ಲಿಯ ಡುಬ್ರೊವ್ನಿಕ್ ಊರಿಗೆ ಹೋಗುವ ಹಳೆಯ ದಾರಿ ನೇಯುಮ್ ಹತ್ತಿರ, ಷೆಂಗೆನ್‌ಗೆ ಸೇರದ ಬೋಸ್ನಿಯಾ ಒಳಗೆ ಹಾಯುತ್ತದೆ. ಒಂದೇ ಪ್ರವೇಶದ ವೀಸಾ ಇದ್ದರೆ ಅಲ್ಲಿ ಕಾಲಿಟ್ಟ ಮೇಲೆ ವಾಪಸ್ ಬರಲು ಆಗುವುದಿಲ್ಲ. 2022ರಲ್ಲಿ ತೆರೆದ ಪೆಲ್ಯೆಷಾಟ್ಸ್ ಸೇತುವೆ ಮೇಲಿಂದ ಹೋದರೆ ಆ ಪ್ರಶ್ನೆಯೇ ಇಲ್ಲ. ಮ್ಯಾಪಿನಲ್ಲಿ ದಾರಿ ಒಮ್ಮೆ ನೋಡಿಕೊಂಡೇ ಹೊರಡಿ.

ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ನಮ್ಮ ಆರ್‌ಟಿಒದಲ್ಲೇ ಸಿಗುತ್ತದೆ. ಫಾರ್ಮ್ 4ಎ, ಪಾಸ್‌ಪೋರ್ಟ್, ಶುಲ್ಕ 1,000 ರೂಪಾಯಿ. ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಮೂಲ ಲೈಸನ್ಸ್ ಕಾರ್ಡೂ ಜೊತೆಗಿರಬೇಕು. ಇಬ್ಬರೂ ಮಾಡಿಸಿ, ಇಬ್ಬರ ಹೆಸರೂ ಬಾಡಿಗೆ ಪತ್ರದಲ್ಲಿ ಇರಲಿ. ಒಬ್ಬರಿಗೆ ಜ್ವರ ಬಂದರೆ ಗಾಡಿ ನಿಂತಲ್ಲೇ ನಿಲ್ಲಬಾರದು ನೋಡ್ರಿ. ಡಿಪಾಸಿಟ್ ಕ್ರೆಡಿಟ್ ಕಾರ್ಡಿನ ಮೇಲೆ ಹಿಡಿದಿಡುತ್ತಾರೆ, ಸಾವಿರ-ಎರಡು ಸಾವಿರ ಯೂರೋ ಸಾಮಾನ್ಯ. ಮಿತಿ ಏರಿಸಿಕೊಂಡು ಹೋಗಿ.

ಗದಗ

ವೈನಿ, ಊಟದ ಚಿಂತೆ ಬಿಡಿ. ನಮ್ಮ ಕಡೆಯ ಖಡಕ್ ರೊಟ್ಟಿಗೆ ಸಾಟಿ ಇಲ್ಲ. ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಗಲದ ಸ್ಟೀಲ್ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಒಯ್ಯಿರಿ, ಲಗೇಜಿಗೆ ಹಾಕಿದರೆ ಪುಡಿಯಾಗುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಅಲ್ಲಿಯ ಮೊಸರು ಗಟ್ಟಿಯಾಗಿ, ಚೆನ್ನಾಗಿ ಸಿಗುತ್ತದೆ. ರೊಟ್ಟಿ, ಪುಡಿ, ಮೊಸರು, ಮೇಲೆ ಹಸಿ ಸೌತೆಕಾಯಿ. ದಿನವಿಡೀ ಗಾಡಿ ಓಡಿಸಿ ಬಂದವರಿಗೆ ಇದಕ್ಕಿಂತ ಏನು ಬೇಕು?

ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ ಇದೆ. ತುಪ್ಪ, ಖೋವಾ ಇಲ್ಲೇ ಬಿಡಿ. ಧಾರವಾಡದವರಿಗೆ ಹೇಳಲು ಕಷ್ಟ ಆಗುತ್ತದೆ, ಪೇಡಾನೂ ಹಾಲಿನದೇ, ಅದರ ಆಸೆಯೂ ಬೇಡ. ಹಸಿ ಕರಿಬೇವೂ ಬೇಡ. ಬೆಣ್ಣೆ ಅಲ್ಲಿ ತಗೊಂಡು ಕಾಯಿಸಿದರೆ ತುಪ್ಪ ಆಯಿತು.

ನನಗೆ ಬಹಳ ಖುಷಿ ಕೊಟ್ಟ ವಿಷಯ ಅಂದರೆ ಇಟಲಿಯ ಅಂಗಡಿಗಳಲ್ಲಿ ಕಡಲೆ ಹಿಟ್ಟು ಸಿಗುತ್ತದೆ. ಜಿನೋವಾ ಕಡೆ ಅವರೇ ಅದರಲ್ಲಿ ದೊಡ್ಡ ತಟ್ಟೆಯಷ್ಟಗಲ ರೊಟ್ಟಿ ಬೇಯಿಸಿ ತಿನ್ನುತ್ತಾರೆ, ಅದಕ್ಕೆ ಫರಿನಾಟಾ ಅನ್ನುತ್ತಾರೆ. ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು ಇಷ್ಟೇ. ನಾವು ಅದೇ ಹಿಟ್ಟಿನಲ್ಲಿ ಝುಣಕ ಮಾಡಿದೆವು. ತುರ್ಕಿಯವರ ಅಂಗಡಿ ಕಂಡರೆ ಒಳಗೆ ಹೋಗಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಬೇಳೆ ಸಿಗುತ್ತವೆ. ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತಂದಿಡಿ.

ಒಲೆ ಎರಡು ಬರ್ನರಿನದು, ಸಣ್ಣದು. 3 ಲೀಟರ್ ಕುಕ್ಕರ್ ಸಾಕು. ಮಿಕ್ಸರ್ ಒಯ್ಯಬಹುದು, ಅಲ್ಲಿಯೂ ನಮ್ಮ ಹಾಗೆ 230 ವೋಲ್ಟೇ, ಪ್ಲಗ್ಗಿನ ಅಡಾಪ್ಟರ್ ಬೇಕು. ಆದರೆ ಎಷ್ಟೋ ಕ್ಯಾಂಪುಗಳಲ್ಲಿ 6 ಆಂಪಿಯರ್ ಮಾತ್ರ ಕೊಡುತ್ತಾರೆ, ಅಂದರೆ ಸುಮಾರು 1,400 ವ್ಯಾಟ್. ಮಿಕ್ಸರ್, ನೀರು ಕಾಯಿಸುವ ಕೆಟಲ್ ಎರಡೂ ಒಟ್ಟಿಗೆ ಹಚ್ಚಿದರೆ ಕರೆಂಟ್ ಹೋಗುತ್ತದೆ. ಒಗ್ಗರಣೆ ಹಾಕುವಾಗ ಛಾವಣಿಯ ಕಿಂಡಿ, ಬಾಗಿಲು ಎರಡೂ ತೆಗೆದಿಡಿ. ಒಣಮೆಣಸಿನಕಾಯಿ ಘಾಟು ಹಾಸಿಗೆಗೆ ಹಿಡಿದರೆ ರಾತ್ರಿಯೆಲ್ಲಾ ಕೆಮ್ಮು. ಗಾಡಿ ಹೊರಡುವ ಮೊದಲು ಗ್ಯಾಸ್ ಸಿಲಿಂಡರಿನ ವಾಲ್ವ್ ಬಂದ್ ಮಾಡಿದ್ದೀರಾ ಅಂತ ಒಬ್ಬರು ಮಾಡಿ, ಇನ್ನೊಬ್ಬರು ನೋಡಿ.

ಹುಬ್ಬಳ್ಳಿ, ಕೇಶ್ವಾಪುರ

ಖರ್ಚು ಕಡಿಮೆ ಆಗುತ್ತೆ ಅಂತ ವ್ಯಾನ್ ಆರಿಸುತ್ತಿದ್ದರೆ ಲೆಕ್ಕ ಮತ್ತೊಮ್ಮೆ ಹಾಕಿ. ಬಾಡಿಗೆ, ಡೀಸೆಲ್, ಕ್ಯಾಂಪ್ ಶುಲ್ಕ, ಟೋಲ್ ಕೂಡಿಸಿದರೆ ರೈಲು ಮತ್ತು ಸಾಧಾರಣ ಹೋಟೆಲಿನ ಹತ್ತಿರಕ್ಕೇ ಬರುತ್ತದೆ. ಹಣ ಉಳಿಯುವುದು ಊಟದಲ್ಲಿ. ಜರ್ಮನಿಯ ಹೆದ್ದಾರಿಯಲ್ಲಿ ಈ ಗಾತ್ರದ ಗಾಡಿಗೆ ಟೋಲ್ ಇಲ್ಲ. ಸ್ವಿಟ್ಜರ್ಲೆಂಡ್ 40 ಫ್ರಾಂಕಿನ ವಾರ್ಷಿಕ ಸ್ಟಿಕ್ಕರ್ ಒಂದನ್ನೇ ಕೊಡುತ್ತದೆ, ಒಂದು ದಿನ ಹಾಯ್ದರೂ ಅದೇ. ಆಸ್ಟ್ರಿಯಾದಲ್ಲಿ 10 ದಿನದ್ದು ಸಿಗುತ್ತದೆ, ಇಟಲಿಗೆ ದಾಟುವ ಬ್ರೆನ್ನರ್ ದಾರಿಗೆ ಮತ್ತೆ ಬೇರೆ ಹಣ.

ದೊಡ್ಡ ಊರಿನ ಒಳಗೆ ವ್ಯಾನ್ ಒಯ್ಯಲೇಬೇಡಿ. ಇಟಲಿಯ ಹಳೆ ಪೇಟೆಗಳಲ್ಲಿ ಜೆಡ್‌ಟಿಎಲ್ ಅಂತ ಬೋರ್ಡ್ ಇರುತ್ತದೆ. ಅನುಮತಿ ಇಲ್ಲದೆ ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ, ಬಾಡಿಗೆ ಕೊಟ್ಟವರು ತಮ್ಮ ಶುಲ್ಕ ಬೇರೆ ಸೇರಿಸುತ್ತಾರೆ. ಹೊರವಲಯದ ಕ್ಯಾಂಪಿನಲ್ಲಿ ನಿಲ್ಲಿಸಿ ಬಸ್ಸು, ರೈಲಿನಲ್ಲಿ ಒಳಗೆ ಹೋಗಿ.

ಮೇ ಕೊನೆ, ಜೂನ್ ಮೊದಲ ಭಾಗದಲ್ಲಿ ಜರ್ಮನಿಯ ಬವೇರಿಯಾ ರಾಜ್ಯದ ಶಾಲೆಗಳಿಗೆ ರಜೆ ಬರುತ್ತದೆ. ಆಗ ಆ ಜನ ಬಂದು ತುಂಬಿ, ಉತ್ತರ ಇಟಲಿಯ ಗಾರ್ಡಾ ಸರೋವರದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಆ ಭಾಗ ಇಟ್ಟುಕೊಂಡರೆ ರಜೆ ಮುಗಿದ ಮೇಲೆ ಹೋಗಿ.

ಧಾರವಾಡ, ಮಾಳಮಡ್ಡಿ

ರಾತ್ರಿ ನಿಲ್ಲುವ ವಿಷಯ. ಜರ್ಮನಿಯಲ್ಲಿ ವ್ಯಾನುಗಳಿಗೆಂದೇ ಇರುವ ಜಾಗಕ್ಕೆ ಸ್ಟೆಲ್‌ಪ್ಲಾಟ್ಸ್, ಫ್ರಾನ್ಸಿನಲ್ಲಿ ಏರ್ ಅನ್ನುತ್ತಾರೆ. ಕಡಿಮೆ ಹಣ, ಕೆಲವು ಕಡೆ ಪುಕ್ಕಟೆ. ಸ್ನಾನ, ಕರೆಂಟು, ಬಟ್ಟೆ ಒಗೆಯುವುದು ಎಲ್ಲಾ ಬೇಕಿದ್ದರೆ ಪೂರ್ತಿ ಕ್ಯಾಂಪ್ ಜಾಗ. ಎರಡು ರಾತ್ರಿ ಸ್ಟೆಲ್‌ಪ್ಲಾಟ್ಸ್, ಒಂದು ರಾತ್ರಿ ಕ್ಯಾಂಪ್ ಅಂತ ಮಾಡಿದೆವು. ಜಾಗ ಹುಡುಕಲು ಪಾರ್ಕ್‌ಫೋರ್‌ನೈಟ್ ಆ್ಯಪ್ ಇದೆ. ಕ್ರೊಯೇಷಿಯಾದಲ್ಲಿ ಕ್ಯಾಂಪಿನ ಹೊರಗೆ ಮಲಗಿದರೆ ದಂಡ ಬೀಳುತ್ತದೆ. ಹೆದ್ದಾರಿ ಪಕ್ಕದ ವಿಶ್ರಾಂತಿ ಜಾಗದಲ್ಲಿ ಮಲಗಬೇಡಿ, ಅದರಲ್ಲೂ ಫ್ರಾನ್ಸಿನ ದಕ್ಷಿಣಕ್ಕೆ, ಕಳ್ಳತನ ಜಾಸ್ತಿ. ಕ್ಯಾಂಪಿಗೆ ಬೆಳಕಿದ್ದಾಗಲೇ ಮುಟ್ಟಿ. ಜರ್ಮನಿಯ ಎಷ್ಟೋ ಕ್ಯಾಂಪುಗಳಲ್ಲಿ ಮಧ್ಯಾಹ್ನ 1ರಿಂದ 3ರ ತನಕ ಗೇಟೇ ತೆಗೆಯುವುದಿಲ್ಲ, ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ.

ಅಕ್ಕಾ, ಹಾಸಿಗೆ ನೋಡಿ ವ್ಯಾನ್ ಆರಿಸಿ. 6 ಮೀಟರಿನ ವ್ಯಾನಿನಲ್ಲಿ ಸಾಮಾನ್ಯವಾಗಿ ಹಾಸಿಗೆ ಅಡ್ಡಕ್ಕೆ ಇರುತ್ತದೆ. ಒಳಗೆ ಮಲಗಿದವರು ರಾತ್ರಿ ಎದ್ದರೆ ಹೊರಗಿನವರನ್ನು ದಾಟಿ ಇಳಿಯಬೇಕು. ನಮ್ಮ ವಯಸ್ಸಿಗೆ, ಮಂಡಿನೋವಿಗೆ ಅದು ಸರಿ ಹೋಗುವುದಿಲ್ಲ. ಚೂರು ಉದ್ದದ, 6.36 ಮೀಟರಿನ ವ್ಯಾನಿನಲ್ಲಿ ಉದ್ದಕ್ಕೆ ಎರಡು ಬೇರೆ ಬೇರೆ ಹಾಸಿಗೆ ಇರುವಂಥದ್ದು ಸಿಗುತ್ತದೆ. ಪಾರ್ಕಿಂಗಿಗೆ ಸ್ವಲ್ಪ ತೊಂದರೆ, ನಿದ್ದೆಗೆ ಬಹಳ ಸುಖ.

ಇನ್ನೊಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಅವರು ಗಾಡಿ, ನೀವು ಅಡುಗೆ ಅಂತ ಹಂಚಿಕೊಳ್ಳಬೇಡಿ. ಬಾಡಿಗೆಯವರು ಗಾಡಿ ನಿಮ್ಮ ಕೈಗೆ ಕೊಡುವ ದಿನ ನೀರಿನ ಪಂಪು, ಹೀಟರ್, ಫ್ರಿಜ್ಜು, ಟಾಯ್ಲೆಟ್ ಎಲ್ಲಾ ಇಬ್ಬರೂ ಕೈಯಿಟ್ಟು ಕಲಿಯಿರಿ, ವೀಡಿಯೋ ಮಾಡಿಕೊಳ್ಳಿ. ನಮ್ಮಲ್ಲಿ ಬೆಳಿಗ್ಗೆ ಹೊರಡುವಾಗ ಒಬ್ಬರು ಒಳಗೆ, ಒಬ್ಬರು ಹೊರಗೆ. ಮರುದಿನ ಅದಲುಬದಲು. ನಾನು ಗಾಡಿ ಓಡಿಸುವ ದಿನ ಅವರು ಅನ್ನ-ಸಾರು ಮಾಡಿ ಕರೆಯುತ್ತಿದ್ದರು. ಅಷ್ಟು ವರ್ಷ ಸಂಸಾರ ಮಾಡಿಯೂ ಕಾಣದ ಸುಖ ಅದು.

ಕೇಳಿದವರು

ಎಲ್ಲರಿಗೂ ಬಹಳ ಧನ್ಯವಾದ. ಜರ್ಮನಿ, ಆಸ್ಟ್ರಿಯಾ, ಉತ್ತರ ಇಟಲಿ ಮೂರೇ ಅಂತ ಇಬ್ಬರೂ ಒಪ್ಪಿದೆವು. ಗಾರ್ಡಾ ಕೊನೆಗೆ ಇಟ್ಟಿದ್ದೇವೆ. ನಮ್ಮ ಮನೆಯವರು ಕುಕ್ಕರಿನಲ್ಲಿ ಅನ್ನ ಮಾಡಲು ನಿನ್ನೆಯಿಂದಲೇ ಶುರು ಮಾಡಿದ್ದಾರೆ. ಬಟ್ಟೆ ಒಗೆಯುವುದು ಹೇಗೆ ಅಂತ ಒಂದು ಉಳಿಯಿತು.

ಗದಗ

ಕ್ಯಾಂಪಿನಲ್ಲಿ ನಾಣ್ಯ ಹಾಕುವ ಮೆಷಿನ್ ಇರುತ್ತವೆ ವೈನಿ. ಒಂದು, ಎರಡು ಯೂರೋದ ಚಿಲ್ಲರೆ ಸಿಕ್ಕಿದ್ದನ್ನೆಲ್ಲಾ ಒಂದು ಡಬ್ಬಿಯಲ್ಲಿ ಕೂಡಿಡಿ. ಕೆಲವು ಕಡೆ ಆಫೀಸಿನಲ್ಲಿ ಟೋಕನ್ ಕೊಡುತ್ತಾರೆ, ಆಫೀಸ್ ಮುಚ್ಚುವ ಮೊದಲೇ ತಗೊಳ್ಳಿ. ನೈಲಾನ್ ಹಗ್ಗ, ಒಂದಿಷ್ಟು ಕ್ಲಿಪ್ಪು ಇಲ್ಲಿಂದಲೇ ಒಯ್ಯಿರಿ.