ಸಯನೋಟೈಪ್ ಮಡಿಕೆ ಪುಸ್ತಕ: ಬೀರುವಿನಲ್ಲಿ ಇಟ್ಟಲ್ಲೇ ನೀಲಿ ಹೋಗಿದೆ, ಯಾಕೆ?

ನೀಲಿಹಾಳೆ:
ಸಾಕಾಗಿಹೋಗಿದೆ. ಮೂರು ತಿಂಗಳ ಕೆಲಸ ಇದು. 12 ಪುಟದ ಮಡಿಕೆ ಪುಸ್ತಕ, ಒಂದೇ ಉದ್ದ ಪಟ್ಟಿಯನ್ನು ಹಿಂದೆ ಮುಂದೆ ಮಡಚಿದ್ದು. ಒಂದು ಪುಟದಲ್ಲಿ ಅಜ್ಜಿ ಮನೆಯ ಫೋಟೊ, ಪಕ್ಕದ ಪುಟದಲ್ಲಿ ಅದೇ ಹಿತ್ತಲಿನ ಎಲೆಗಳ ಅಚ್ಚು, ಎಲ್ಲ ಸಯನೋಟೈಪ್, ಅಂದರೆ ಕಬ್ಬಿಣದ ಲವಣ ಬಳಿದ ಹಾಳೆಯನ್ನು ಬೆಳಕಿಗೆ ಒಡ್ಡಿ ನೀರಿನಲ್ಲಿ ತೊಳೆದು ತೆಗೆಯುವ ನೀಲಿ ಅಚ್ಚು. ಮೇ ತಿಂಗಳಲ್ಲಿ ಮುಗಿಸಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೆ. ಮೊನ್ನೆ ತೆಗೆದು ನೋಡಿದರೆ ಒಳಗಿನ ಪುಟಗಳ ನೀಲಿ ಅರ್ಧಕ್ಕರ್ಧ ಹೋಗಿದೆ. ಪುಟದ ನಡುವೆ ಮಾಸಲು ಹಳದಿ. ಅಂಚಿನಲ್ಲಿ ಮಾತ್ರ ಸುತ್ತಲೂ ಅರ್ಧ ಬೆರಳಷ್ಟು ಕಡುನೀಲಿ ಉಳಿದಿದೆ. ಎಲ್ಲ ಸರಿಯಾಗಿಯೇ ಮಾಡಿದ್ದೇನೆ, ಬಿಸಿಲಿಗೂ ಇಟ್ಟಿಲ್ಲ. ಯಾರಾದರೂ ಹೇಳಿ, ಏನಾಗಿದೆ?

ಕತ್ತಲೆಕೋಣೆ:
ಬೋರ್‌ವೆಲ್ ನೀರು. ನೂರಕ್ಕೆ ನೂರು. ಗಡಸು ನೀರು ಕ್ಷಾರ, ಕ್ಷಾರ ತಾಗಿದರೆ ಪ್ರಷ್ಯನ್ ಬ್ಲೂ, ಅಂದರೆ ಈ ಅಚ್ಚಿನ ನೀಲಿ ಬಣ್ಣ, ಉಳಿಯುವುದಿಲ್ಲ. ನನಗೂ ಹೀಗೇ ಆಗಿತ್ತು. ಮೊದಲನೇ ತೊಳೆತಕ್ಕೆ ಸ್ವಲ್ಪ ವಿನೆಗರ್ ಹಾಕಬೇಕಿತ್ತು.

ನೀಲಿಹಾಳೆ:
ಬೋರ್‌ವೆಲ್ ಅಲ್ಲ, ನಮ್ಮದು ಕಾವೇರಿ ನೀರು. ವಿನೆಗರ್ ಕೂಡ ಹಾಕಿದ್ದೆ.

ಕತ್ತಲೆಕೋಣೆ:
ಅಪಾರ್ಟ್‌ಮೆಂಟಾ? ಹಾಗಿದ್ದರೆ ಸಂಪಿನಲ್ಲಿ ಬೋರ್ ನೀರು ಬೆರೆಸಿರುತ್ತಾರೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ, ಎಷ್ಟು ಅಂತ ನೋಡಿ ಹೇಳಿ.

ಶಿರಸಿ_ಬೈಂಡರ್:
ನೀರಿನ ದೋಷ ಆಗಿದ್ದರೆ ಹಾಳೆ ಒಣಗುವಾಗಲೇ ಗೊತ್ತಾಗುತ್ತಿತ್ತು ಅಲ್ವಾ? ಇದು ಮುಚ್ಚಿಟ್ಟ ಮೇಲೆ ಆಗಿದ್ದು. ಪಟ್ಟಿ ಜೋಡಿಸಿದ ಅಂಟು ಯಾವುದು? ಹಳೇ ಬೈಂಡರುಗಳು ಮೈದಾ ಸರಿಗೆ ಮೈಲುತುತ್ತ ಹಾಕುತ್ತಾರೆ, ಹುಳ ಬರಬಾರದು ಅಂತ. ಪುಟದ ಬಿಳಿ ಭಾಗ ಹೇಗಿದೆ ಅಂತಲೂ ಹೇಳಿ. ತೊಳೆದದ್ದು ಸಾಲದೆ ಇದ್ದರೆ ಬಿಳಿ ಭಾಗವೂ ನಿಧಾನಕ್ಕೆ ನೀಲಿಯಾಗುತ್ತದೆ.

ನೀಲಿಹಾಳೆ:
ಬಿಳಿ ಭಾಗ ಬಿಳಿಯಾಗೇ ಇದೆ. ಬರೀ ಮೈದಾ ಅಂಟು, ಬೇರೆ ಏನೂ ಹಾಕಿಲ್ಲ. ಜೋಡಣೆ ಇರುವ ಜಾಗದಲ್ಲಿ ಬಣ್ಣ ಹೋಗಿಲ್ಲ.

ಗ್ರಂಥಪ್ರೇಮಿ:
ಹಾಗಿದ್ದರೆ ಅಂಟು ಅಲ್ಲ. ಒಂದು ಮಾತು, ಹೋದ ವಾರದ ಚರ್ಚೆಯಲ್ಲಿ ಇದನ್ನೇ ಲೆಪೊರೆಲ್ಲೊ ಅಂದಿದ್ದಿರಿ. ಅದು ಮೊಜಾರ್ಟ್‌ನ ಒಪೆರಾದ ಸೇವಕನ ಹೆಸರು, ಒಡೆಯನ ಪ್ರೇಯಸಿಯರ ಉದ್ದ ಪಟ್ಟಿ ಬಿಚ್ಚಿ ಓದುತ್ತಾನಲ್ಲ, ಅವನು. ನಮ್ಮಲ್ಲಿ ಇದಕ್ಕೆ ಕಡತ ಅಂತ ಹೆಸರೇ ಇದೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಈಗಲೂ ಹಳೆಯ ಕಡತಗಳಿವೆ. ಫೋಟೊ ಪುಸ್ತಕಕ್ಕೂ ಆ ಹೆಸರು ಬಳಸೋಣ.

ಉದ್ದಪಟ್ಟಿ:
ಈಗ ಕಡತ ಅಂದರೆ ಎಲ್ಲರಿಗೂ ಆಫೀಸ್ ಫೈಲೇ ನೆನಪಾಗುತ್ತದೆ. ಮಡಿಕೆ ಪುಸ್ತಕ ಅಂದರೆ ಸಾಕು.

ಗ್ರಂಥಪ್ರೇಮಿ:
ಫೈಲಿಗೆ ಆ ಹೆಸರು ಬಂದದ್ದೇ ಇದರಿಂದ. ನಾವು ಬಳಸದಿದ್ದರೆ ಇನ್ಯಾರು ಬಳಸುತ್ತಾರೆ?

ಉದ್ದಪಟ್ಟಿ:
ಸರಿ, ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ನೀಲಿಹಾಳೆ, ನನ್ನ ಪ್ರಕಾರ ಸಯನೋಟೈಪ್ ಪುಸ್ತಕಕ್ಕೆ ಆಗಿಬರುವುದಿಲ್ಲ. ನಾನು ಪಿಗ್ಮೆಂಟ್ ಇಂಕಿನಲ್ಲೇ ಪ್ರಿಂಟ್ ಮಾಡುತ್ತೇನೆ. ಅಮೆರಿಕದ ಕಲಾವಿದ ಎಡ್ ರುಶೆ 1966ರಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್‌ನ ಎರಡೂ ಬದಿಯ ಕಟ್ಟಡಗಳನ್ನು ಸುಮಾರು 25 ಅಡಿಯ ಒಂದೇ ಮಡಿಕೆ ಪಟ್ಟಿಯಲ್ಲಿ ತಂದರಲ್ಲ, ಅದನ್ನು ನೋಡಿ ನಮ್ಮೂರ ಸಂತೆ ಬೀದಿಯನ್ನು 18 ಅಡಿಗೆ ಮಾಡಿದ್ದೇನೆ. ರೋಲ್ ಪೇಪರ್, 7 ಜೋಡಣೆ. ಕಾಗದದ ನಾರಿನ ಎಳೆಯ ದಿಕ್ಕು ನೋಡಿಯೇ ಮಡಚಿದ್ದು. ಒಂದು ಮಡಿಕೆಯಲ್ಲೂ ಬಿರುಕಿಲ್ಲ. ಫೋಟೊ ಹಾಕುತ್ತೇನೆ.

ಶಿರಸಿ_ಬೈಂಡರ್:
ಆಗಿಬರುವುದಿಲ್ಲ ಅನ್ನುವುದು ತಪ್ಪು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಅನ್ನಾ ಆಟ್ಕಿನ್ಸ್ ಕಡಲಪಾಚಿಗಳ ಪುಸ್ತಕವನ್ನು 1843ರಲ್ಲಿ ಇದೇ ವಿಧಾನದಲ್ಲಿ ಶುರು ಮಾಡಿದ್ದು. ಆ ಪುಟಗಳು ಈಗಲೂ ನೀಲಿಯಾಗೇ ಇವೆ.

ಕತ್ತಲೆಕೋಣೆ:
ಟಿಡಿಎಸ್ ಇನ್ನೂ ಹೇಳಿಲ್ಲ.

ಎರಡನೇಮಡಿಕೆ:
ತಡವಾಗಿ ಓದಿದೆ. ಎಲ್ಲರೂ ಆ ಅಂಚಿನ ಮಾತು ಬಿಟ್ಟಿದ್ದೀರಿ. ಮುಚ್ಚಿದ ಪುಸ್ತಕಕ್ಕೆ ಬೆಳಕು ಹೊಡೆದರೆ ಮೊದಲು ಅಂಚು ಮಾಸುತ್ತದೆ, ನಡುವೆ ಉಳಿಯುತ್ತದೆ. ಇಲ್ಲಿ ಉಲ್ಟಾ ಆಗಿದೆ. ಪುಟಕ್ಕಿಂತ ಸ್ವಲ್ಪ ಚಿಕ್ಕದು ಏನೋ ಒಂದು ಪುಟದ ಮೇಲೆ ಕೂತಿತ್ತು. ಮಡಿಕೆಗಳ ನಡುವೆ ಏನಾದರೂ ಇಟ್ಟಿದ್ದಿರಾ?

ನೀಲಿಹಾಳೆ:
ಟಿಶ್ಯೂ ಪೇಪರ್ ಇಟ್ಟಿದ್ದೆ, ಎಲ್ಲರೂ ಇಡುತ್ತಾರಲ್ಲ, ಅದಕ್ಕೇ ಹೇಳಲಿಲ್ಲ. ಒಳ್ಳೆಯದೇ ತಂದಿದ್ದೆ, ಆರ್ಕೈವಲ್, ಆಸಿಡ್ ಫ್ರೀ ಅಂತ ಬರೆದಿತ್ತು. ಕಾಗದದಲ್ಲಿ ಆಮ್ಲ ಇದೆಯಾ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಪೆನ್ ಎಳೆದು ನೋಡಿದೆ, ನೇರಳೆ ಬಂತು. ಹೌದು, ಮಡಿಕೆಗೆ ಸಿಕ್ಕಬಾರದು ಅಂತ ಸುತ್ತಲೂ ಅರ್ಧ ಬೆರಳು ಚಿಕ್ಕದಾಗಿ ಕತ್ತರಿಸಿದ್ದೆ.

ಎರಡನೇಮಡಿಕೆ:
ಅದೇ. ಪೆನ್ನಿನ ನೇರಳೆ ಅಂದರೆ ಆಮ್ಲ ಇಲ್ಲ ಅಂತ ಅಷ್ಟೇ, ಕ್ಷಾರ ಇದೆಯೋ ಇಲ್ಲವೋ ಅಂತ ಹೇಳುವುದಿಲ್ಲ. ಆಸಿಡ್ ಫ್ರೀ ಟಿಶ್ಯೂ ಎರಡು ತರ ಬರುತ್ತದೆ. ಒಂದಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನುವ ಕ್ಷಾರ ಬೆರೆಸಿರುತ್ತಾರೆ, ಬಫರ್ಡ್ ಅನ್ನುತ್ತಾರೆ. ಮಾಮೂಲಿ ಕಾಗದ, ಹಳೇ ಪತ್ರಗಳಿಗೆ ಅದು ಒಳ್ಳೆಯದು. ಸಯನೋಟೈಪಿಗೆ ವಿಷ. ಮೇ ಕೊನೆಗೆ ಇಟ್ಟಿರಿ, ಮಳೆಗಾಲ ಇಡೀ ಬೀರುವಿನಲ್ಲಿ ತೇವ, ಆ ತೇವದಲ್ಲಿ ಕ್ಷಾರ ಟಿಶ್ಯೂವಿನಿಂದ ಹಾಳೆಗೆ ದಾಟಿದೆ. ನಾವೇ ಬೇಕಂತ ವಾಷಿಂಗ್ ಸೋಡಾದಲ್ಲಿ ಅದ್ದಿ ನೀಲಿ ತೆಗೆದು ಟೀ ಡಿಕಾಕ್ಷನ್‌ನಲ್ಲಿ ಕಂದು ಮಾಡುತ್ತೇವಲ್ಲ, ಅದರ ಮೊದಲ ಅರ್ಧ ನಿಮ್ಮ ಬೀರುವಿನಲ್ಲಿ ನಿಧಾನಕ್ಕೆ ಆಗಿದೆ. ನಂಬಿಕೆ ಬಾರದಿದ್ದರೆ ವೇಸ್ಟ್ ಪ್ರಿಂಟ್ ಎರಡು ತುಂಡು ಮಾಡಿ. ಎರಡನ್ನೂ ಸ್ವಲ್ಪ ತೇವ ಮಾಡಿ, ಒಂದರ ಮೇಲೆ ಆ ಟಿಶ್ಯೂ, ಇನ್ನೊಂದರ ಮೇಲೆ ಏನೂ ಇಡದೆ, ಪ್ಲಾಸ್ಟಿಕ್ಕಿನಲ್ಲಿ ಬೇರೆ ಬೇರೆ ಸುತ್ತಿ ಭಾರ ಹೇರಿ.

ಕತ್ತಲೆಕೋಣೆ:
ಅಂದರೆ ಕ್ಷಾರ ಅಂತ ನಾನು ಹೇಳಿದ್ದು ಸರಿಯೇ. ನೀರಿನ ಬದಲು ಟಿಶ್ಯೂ, ಅಷ್ಟೇ.

ನೀಲಿಹಾಳೆ:
ಒಂಬತ್ತು ದಿನ ಆಯಿತು, ಈಗ ತಾನೇ ಬಿಚ್ಚಿದೆ. ಏನೂ ಇಡದ ತುಂಡು ಹಾಗೇ ನೀಲಿ. ಟಿಶ್ಯೂ ಇಟ್ಟದ್ದು ತೇವ ಜಾಸ್ತಿ ಇದ್ದ ಮೂಲೆಯಿಂದ ಶುರುವಾಗಿ ಹಳದಿಗೆ ತಿರುಗಿದೆ. ಟಿಶ್ಯೂವಿನಲ್ಲಿದ್ದ ಒಂದು ಸುಕ್ಕು ಮೇಲೆದ್ದು ನಿಂತಿತ್ತು. ಆ ಸುಕ್ಕಿನ ಕೆಳಗೆ ಒಂದು ಗೆರೆ ಮಾತ್ರ ನೀಲಿ, ಅಲ್ಲಿ ತಾಗೇ ಇಲ್ಲ. ಒಳ್ಳೆಯದಾಗಲಿ ಅಂತ ಇಟ್ಟದ್ದೇ ತಿಂದಿದೆ. ಎಲ್ಲ ಟಿಶ್ಯೂ ತೆಗೆದಿದ್ದೇನೆ. ಹೋದ ನೀಲಿ ವಾಪಸ್ ಬರುತ್ತದಾ? ಬಿಸಿಲಿಗೆ ಮಾಸಿದ್ದು ಕತ್ತಲೆಯಲ್ಲಿ ಇಟ್ಟರೆ ಮತ್ತೆ ಬರುತ್ತದೆ ಅಂತ ಕೇಳಿದ್ದೆ.

ಎರಡನೇಮಡಿಕೆ:
ಅದು ಬೆಳಕಿಗೆ ಮಾಸಿದ್ದಕ್ಕೆ. ಇದನ್ನು ಕತ್ತಲೆಯಲ್ಲಿ ಇಟ್ಟರೆ ಬರುವುದಿಲ್ಲ. ನೆಗೆಟಿವ್ ಇದೆಯಲ್ಲ, ಹೊಸದಾಗಿ ಪ್ರಿಂಟ್ ಮಾಡಿ. ಈ ಸಲ ಬಫರ್ ಇಲ್ಲದ ಟಿಶ್ಯೂ ಕೇಳಿ ತನ್ನಿ. ಪುಸ್ತಕದ ಕಾಗದಕ್ಕೂ ಬಫರ್ ಇದೆಯಾ ನೋಡಿ.

ನೀಲಿಹಾಳೆ:
ಫೋಟೊಗಳ ನೆಗೆಟಿವ್ ಇದೆ. ಎಲೆಗಳದ್ದು ಇಲ್ಲ, ನೇರ ಎಲೆಯನ್ನೇ ಹಾಳೆಯ ಮೇಲಿಟ್ಟು ಮಾಡಿದ್ದು. ಆ ಹಿತ್ತಲು ಈಗ ಇಲ್ಲ, ಜೂನ್‌ನಲ್ಲಿ ಮನೆ ಮಾರಾಯಿತು.

ಶಿರಸಿ_ಬೈಂಡರ್:
ಎಲೆಯ ಪುಟಗಳನ್ನು ಎಸೆಯಬೇಡಿ. ಹಳದಿಯಾದ ಕಡೆ ಕಬ್ಬಿಣ ಇನ್ನೂ ಹಾಳೆಯಲ್ಲೇ ಇದೆ, ಒಗರು ತಾಗಿದರೆ ಕಪ್ಪಾಗುತ್ತದೆ. ಟೀ ಬದಲು ಅಡಿಕೆ ಬೇಯಿಸಿದ ಚೊಗರು ಹಾಕಬಹುದು, ನಮ್ಮಲ್ಲಿ ಬೇಕಾದಷ್ಟಿದೆ. ಮೈದಾ ಅಂಟು ಆದ್ದರಿಂದ ನೀರಿನಲ್ಲಿ ನೆನೆಸಿದರೆ ಜೋಡಣೆ ಬಿಡುತ್ತದೆ, ಪುಟ ಹರಿಯುವುದಿಲ್ಲ. ಮೊದಲು ಆ ಹಳದಿ ತುಂಡಿನ ಮೇಲೆ ಮಾಡಿ ನೋಡಿ.

ನೀಲಿಹಾಳೆ:
ಆ ತುಂಡು ಎತ್ತಿಟ್ಟಿದ್ದೇನೆ. ಒಂದು ಬಾಟಲಿ ಚೊಗರು ಕಳಿಸುತ್ತೀರಾ? ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ.