ಆಸ್ಟಿನ್ ಸೆಕೆಯಲ್ಲಿ ಮನೆ ಬಿಯರ್: ಯಾವುದರಿಂದ ಶುರು ಮಾಡಲಿ?

ತಿಪಟೂರು ತೆಂಗು (ಆಸ್ಟಿನ್, ಟೆಕ್ಸಸ್):

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿದೆ. ಆಫೀಸಿನ ಗೆಳೆಯ ತನ್ನ ಗ್ಯಾರೇಜಿನಲ್ಲಿ ಮಾಡಿದ ಸ್ಟೌಟ್ ಕುಡಿಸಿದ. ಆಮೇಲೆ ಅಂಗಡಿ ಬಿಯರ್ ಯಾಕೋ ಸಪ್ಪೆ ಅನ್ನಿಸ್ತಿದೆ.

ನನ್ನ ಪರಿಸ್ಥಿತಿ ಹೀಗಿದೆ. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ಕರೆಂಟ್ ಒಲೆ. ಗ್ಯಾರೇಜ್ ಇಲ್ಲ, ಇನ್ನೊಂದು ಫ್ರಿಜ್ ಇಡಲು ಜಾಗವೂ ಇಲ್ಲ. ಹೊರಗೆ ಜುಲೈನಲ್ಲಿ 38 ಡಿಗ್ರಿ. ಒಳಗೆ ಎಸಿ 25ರಲ್ಲಿ ಓಡುತ್ತೆ, ಅದಕ್ಕಿಂತ ಕೆಳಗೆ ಇಳಿಸಿದರೆ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತೆ. ನನಗೆ ಇಷ್ಟ ಪಿಲ್ಸ್ನರ್. ಗೆಳೆಯ ಮಾತ್ರ ಹೇಜಿ ಐಪಿಎ ಮಾಡು ಅಂತಾನೆ.

ಇನ್ನೊಂದು ವಿಷಯ. ಅಮ್ಮ ಊರಿಂದ ಬರುವಾಗ ಮೊಳಕೆ ಕಟ್ಟಿಸಿದ ರಾಗಿ ಒಂದು ಚೀಲ ತಂದಿದ್ದರು. ಅದನ್ನು ಬಿಯರಿಗೆ ಹಾಕಬಹುದಾ? ಇದೆಲ್ಲ ಕಾನೂನು ಪ್ರಕಾರ ಸರಿ ತಾನೇ? ಹೆಂಡತಿ ಎರಡು ಷರತ್ತು ಹಾಕಿದ್ದಾಳೆ. ಮನೆ ನಾರಬಾರದು, ಕುಕ್ಕರ್ ಮುಟ್ಟಬಾರದು.

ಹಾಪ್ಸ್ ಅಕ್ಕ (ಹಿಲ್ಸ್‌ಬರೋ, ಆರೆಗನ್):

ತೆಂಗು ಅವರೇ, ಮೊದಲು ಪಿಲ್ಸ್ನರ್ ಆಸೆ ಬಿಡಿ. ಹೇಜಿ ಐಪಿಎನೂ ಬೇಡ. ನೀವು ಕೇಳುತ್ತಿರುವುದು "ಯಾವುದು ಚೆನ್ನಾಗಿರುತ್ತೆ" ಅಂತ. ಕೇಳಬೇಕಾದ್ದು "ನನ್ನ ಮನೆಯ 25 ಡಿಗ್ರಿಯಲ್ಲಿ ಯಾವ ಯೀಸ್ಟ್ ಸುಖವಾಗಿರುತ್ತೆ" ಅಂತ. ಬಿಯರ್ ಮಾಡುವುದು ನಾವಲ್ಲ. ನಾವು ಸಿಹಿ ನೀರು ಕಾಯಿಸಿ ಕೊಡುತ್ತೇವೆ ಅಷ್ಟೆ, ಉಳಿದದ್ದು ಯೀಸ್ಟ್ ಕೆಲಸ.

ಪಿಲ್ಸ್ನರ್ ಲಾಗರ್ ಜಾತಿ. 1842ರಲ್ಲಿ ಪಿಲ್ಸೆನ್ ಊರಲ್ಲಿ ಶುರುವಾದದ್ದು, ತಣ್ಣನೆ ನೆಲಮಾಳಿಗೆಯಲ್ಲಿ ಬೆಳೆದದ್ದು. ಆ ಯೀಸ್ಟಿಗೆ 8ರಿಂದ 12 ಡಿಗ್ರಿ ಬೇಕು, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಮಲಗಬೇಕು. ಫ್ರಿಜ್ ಇಲ್ಲದೆ ಆಗದ ಮಾತು. ಹೇಜಿ ಐಪಿಎ ಕಥೆ ಬೇರೆ. ಅದರಲ್ಲಿ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಜಾಸ್ತಿ, ಗಾಳಿ ತಾಗಿದರೆ ಕೆಟ್ಟಿತು. ಕೆಗ್, ಅಂದರೆ ಗಾಳಿ ತಾಗದ ಸ್ಟೀಲ್ ಪೀಪಾಯಿ ಇರುವವರಿಗೆ ಸರಿ. ಬಾಟಲಿಗೆ ತುಂಬುವವರ ಕೈಯಲ್ಲಿ ಬೇಗ ಕಂದು ತಿರುಗಿ ಒದ್ದೆ ರಟ್ಟಿನ ರುಚಿ ಬರುತ್ತೆ. ದುಬಾರಿ ಹಾಪ್ಸ್ ದುಡ್ಡು ನೀರಿಗೆ. ನಿಮ್ಮ ಗೆಳೆಯನ ಹತ್ತಿರ ಕೆಗ್ ಇದೆಯಾ ಅಂತ ಕೇಳಿ ನೋಡಿ!

ಲಾಗರಿಗಿಂತ ಬೆಚ್ಚಗೆ ಮಾಡುವ ಬಿಯರಿಗೆ ಏಲ್ ಅಂತಾರೆ. ಸಾಮಾನ್ಯ ಏಲ್ ಯೀಸ್ಟಿಗೂ 18-20 ಡಿಗ್ರಿ ಇದ್ದರೆ ಒಳ್ಳೆಯದು. ಒಂದು ಗುಟ್ಟು ಹೊಸಬರಿಗೆ ಯಾರೂ ಹೇಳಲ್ಲ. ಯೀಸ್ಟ್ ಕೆಲಸ ಮಾಡುವಾಗ ತಾನೂ ಬಿಸಿ ಹುಟ್ಟಿಸುತ್ತೆ. ರೂಮು 25 ಇದ್ದರೆ ಬಕೆಟ್ ಒಳಗೆ 28 ದಾಟಬಹುದು. ಆಗ ಫ್ಯೂಸೆಲ್ ಆಲ್ಕೋಹಾಲ್ ಬರುತ್ತೆ. ಕುಡಿದರೆ ಗಂಟಲು ಉರಿ.

ಹಾಗಾದರೆ ಏನು ಮಾಡೋದು? ನಾರ್ವೆ ಕಡೆ ನೋಡಿ. ಅಲ್ಲಿ ಪಶ್ಚಿಮದ ಹಳ್ಳಿಗಳಲ್ಲಿ, ವಾಸ್ ಸುತ್ತಮುತ್ತ, ರೈತರ ಮನೆಗಳಲ್ಲಿ ಕ್ವೈಕ್ ಅನ್ನೋ ಯೀಸ್ಟ್ ಇದೆ. ತಲೆಮಾರಿನಿಂದ ತಲೆಮಾರಿಗೆ ಒಣಗಿಸಿ ಇಟ್ಟುಕೊಂಡು ಬಂದದ್ದು. ಮರದ ಬಳೆಗಳನ್ನು ಕೋದ ಒಂದು ಹಾರದಂಥ ಸಾಮಾನನ್ನು ಯೀಸ್ಟಿನಲ್ಲಿ ಅದ್ದಿ ನೇತುಹಾಕಿ ಒಣಗಿಸುತ್ತಿದ್ದರು. ಅಲ್ಲಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಹಳ್ಳಿ ಹಳ್ಳಿ ತಿರುಗಿ ಇದನ್ನೆಲ್ಲ ಬರೆದಿಟ್ಟ ಮೇಲೆ ಹೊರಗಿನವರಿಗೆ ಗೊತ್ತಾಯಿತು. ನೋಡಿ, ನಮ್ಮ ಕಸುಬಿನವರೂ ಒಳ್ಳೇ ಕೆಲಸ ಮಾಡ್ತಾರೆ.

ಈ ಯೀಸ್ಟಿಗೆ 35 ಡಿಗ್ರಿ ಅಂದರೆ ಹಬ್ಬ. 40ಕ್ಕೂ ಹೆದರಲ್ಲ. ಮೂರು ನಾಲ್ಕು ದಿನದಲ್ಲಿ ಕೆಲಸ ಮುಗಿಸಿ ಕೂರುತ್ತೆ. ಕಿತ್ತಳೆ ಸಿಪ್ಪೆಯ ಪರಿಮಳ ಬಿಡುತ್ತೆ. ಲ್ಯಾಲ್‌ಬ್ರೂ ವಾಸ್ ಅಂತ ಒಣ ಯೀಸ್ಟ್ ಪ್ಯಾಕೆಟ್ ಸಿಗುತ್ತೆ, ಅದೇ ಸಾಕು. ನಿಮಗೆ 25 ಡಿಗ್ರಿ ಬಿಸಿ ಜಾಸ್ತಿ ಆಯಿತು ಅನ್ನೋ ಚಿಂತೆ ಇತ್ತಲ್ವಾ? ಇದಕ್ಕೆ ಅದೇ ಚಳಿ. ಬಕೆಟ್ಟಿಗೆ ಹಳೇ ರಗ್ಗು ಸುತ್ತಿ ಇಡಬೇಕಾಗುತ್ತೆ.

ದೊಡ್ಡ ಬ್ಯಾಚ್ ಬೇಡ. ಇಲ್ಲಿನವರು 5 ಗ್ಯಾಲನ್, ಅಂದರೆ 19 ಲೀಟರ್ ಮಾಡ್ತಾರೆ. ಅಪಾರ್ಟ್‌ಮೆಂಟಿನ ಕರೆಂಟ್ ಒಲೆ ಅಷ್ಟನ್ನು ಕುದಿಸಲು ಒದ್ದಾಡುತ್ತೆ. 10 ಲೀಟರ್ ಮಾಡಿ. 20 ಲೀಟರಿನ ಸ್ಟೀಲ್ ಪಾತ್ರೆ, ಒಂದು ದೊಡ್ಡ ಬಟ್ಟೆ ಚೀಲ, ಥರ್ಮಾಮೀಟರ್, ಹೈಡ್ರೋಮೀಟರ್ (ನೀರಲ್ಲಿ ಎಷ್ಟು ಸಕ್ಕರೆ ಇದೆ ಅಂತ ಅಳೆಯಲು), ಮುಚ್ಚಳ ಇರುವ ಬಕೆಟ್. ಕುಕ್ಕರ್ ತಂಟೆಗೆ ಹೋಗುವ ಅಗತ್ಯವೇ ಇಲ್ಲ.

14 ಲೀಟರ್ ನೀರನ್ನು 70ರ ಹತ್ತಿರ ಕಾಯಿಸಿ. ಚೀಲದಲ್ಲಿ 2.2 ಕಿಲೋ ಪುಡಿ ಮಾಡಿದ ಪೇಲ್ ಮಾಲ್ಟ್ (ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿ) ಹಾಕಿ ಮುಳುಗಿಸಿ. ಅಂಗಡಿಯವರೇ ಒಡೆದು ಕೊಡ್ತಾರೆ, ಮಿಕ್ಸಿಗೆ ಹಾಕಬೇಡಿ. ಬಿಸಿ 66-67ಕ್ಕೆ ನಿಲ್ಲಬೇಕು. ಪಾತ್ರೆಗೆ ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. ಹೀಗೆ ನೆನೆಸುವುದಕ್ಕೇ ಮ್ಯಾಶ್ ಅನ್ನೋದು. ಈ ಒಂದು ಗಂಟೆಯಲ್ಲೇ ಎಲ್ಲ ಇರೋದು. ಮೊದಲು ಒಂದು ಚಮಚ ತೆಗೆದು ನೆಕ್ಕಿದರೆ ಬರೀ ಹಿಟ್ಟಿನ ನೀರು, ಬಿಳಿ ಬಿಳಿ. ಅರ್ಧ ಗಂಟೆ ಬಿಟ್ಟು ನೋಡಿ. ನೀರು ತಿಳಿಯಾಗಿ ಜೇನಿನ ಬಣ್ಣಕ್ಕೆ ತಿರುಗಿರುತ್ತೆ, ತುಟಿಗೆ ಅಂಟುತ್ತೆ, ಸಕ್ಕರೆ ಒಂದು ಕಾಳೂ ಹಾಕದೆ ಸಿಹಿಯಾಗಿರುತ್ತೆ. ಮಾಲ್ಟಿನಲ್ಲಿರುವ ಎನ್‌ಜೈಮುಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಿರುತ್ತವೆ. ಬಿಸಿ 64ರ ಕಡೆ ಇದ್ದರೆ ಬಿಯರ್ ತೆಳ್ಳಗೆ, ಒಣ ಒಣ. 69ರ ಕಡೆ ಹೋದರೆ ಮಂದ. ಈ ಹೊತ್ತಿಗೆ ಅಡುಗೆಮನೆ ತುಂಬ ರಾಗಿ ಮಾಲ್ಟ್ ಕಾಯಿಸಿದಂಥ ವಾಸನೆ. ನಿಮ್ಮವರು ಇದನ್ನು ನಾತ ಅಂದರೆ ನನ್ನ ಹೆಸರು ಬದಲಾಯಿಸಿ.

ಚೀಲ ಎತ್ತಿ, ಹಿಂಡಿ, ಒಂದು ಗಂಟೆ ಕುದಿಸಿ. ಕುದಿ ಬಂದ ಕೂಡಲೇ ಉಕ್ಕುತ್ತೆ, ಹಾಲಿನ ಹಾಗೆ ಕಾದು ನಿಲ್ಲಿ. ಶುರುವಿನಲ್ಲೇ 15 ಗ್ರಾಂ ಹಾಪ್ಸ್, ಆಲ್ಫಾ ಆಸಿಡ್ (ಕಹಿ ಕೊಡುವ ಅಂಶ, ಪ್ಯಾಕೆಟ್ ಮೇಲೆ ಬರೆದಿರುತ್ತೆ) 5-6 ಪರ್ಸೆಂಟಿನದು. ಇದು ಕಹಿಗೆ. ಒಲೆ ಆರಿಸುವಾಗ 10 ಗ್ರಾಂ ಕ್ಯಾಸ್ಕೇಡ್. ಇದು ಪರಿಮಳಕ್ಕೆ. ಕ್ಯಾಸ್ಕೇಡ್ ನಮ್ಮ ಆರೆಗನ್ ಮಗಳು, ಕೊರ್ವಾಲಿಸ್‌ನಲ್ಲಿ ತಳಿ ಮಾಡಿ 1972ರಲ್ಲಿ ಬಿಟ್ಟದ್ದು. ಅವಳನ್ನು ಹೊಗಳುವುದು ನನ್ನ ಹಕ್ಕು.

ಪಾತ್ರೆಯನ್ನು ಸಿಂಕಿನಲ್ಲಿ ಐಸ್ ನೀರಲ್ಲಿ ಕೂರಿಸಿ 35ಕ್ಕೆ ಇಳಿಸಿ. ಬೇರೆ ಯೀಸ್ಟ್ ಆಗಿದ್ದರೆ 18ರ ತನಕ ಒದ್ದಾಡಬೇಕಿತ್ತು. ಯೀಸ್ಟ್ ಮತ್ತು ಚಿಟಿಕೆ ಯೀಸ್ಟ್ ನ್ಯೂಟ್ರಿಯೆಂಟ್ ಹಾಕಿ ಮುಚ್ಚಿಡಿ. ಶುರುವಿನ ಗ್ರಾವಿಟಿ, ಅಂದರೆ ಹೈಡ್ರೋಮೀಟರ್ ತೋರಿಸುವ ಅಂಕಿ, 1.046ರ ಆಸುಪಾಸು ಬರುತ್ತೆ. 1.010ಕ್ಕೆ ಇಳಿದರೆ ಆಲ್ಕೋಹಾಲ್ 4.7 ಪರ್ಸೆಂಟ್. ಊರಿನ 8 ಪರ್ಸೆಂಟ್ ಸ್ಟ್ರಾಂಗ್ ಬಿಯರ್ ಅಭ್ಯಾಸದವರು "ಇಷ್ಟೇನಾ" ಅಂತಾರೆ. ಅನ್ನಲಿ ಬಿಡಿ. ನನಗಂತೂ ಎಲ್ಲಕ್ಕಿಂತ ಇಷ್ಟ ಇಂಗ್ಲಿಷ್ ಡಾರ್ಕ್ ಮೈಲ್ಡ್. ಕಪ್ಪಗಿರುತ್ತೆ, ಬರೀ 3.5 ಪರ್ಸೆಂಟ್. ಮೂರು ಗ್ಲಾಸ್ ಕುಡಿದೂ ಇಸ್ಪೀಟಿನ ಲೆಕ್ಕ ತಪ್ಪಲ್ಲ. ಅಂಗಡಿಯಲ್ಲಿ ಸಿಗುವುದೇ ಅಪರೂಪ, ಅದಕ್ಕೇ ಮನೆಯಲ್ಲಿ ಮಾಡೋದು.

ಕಾನೂನು: 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಇಡೀ ದೇಶದಲ್ಲಿ ದಾರಿ ಬಿಟ್ಟಿತು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆ ಇಲ್ಲ. ಟೆಕ್ಸಸ್‌ನಲ್ಲೂ ಸರಿ. ಮಾರುವ ಹಾಗಿಲ್ಲ. ಭಟ್ಟಿ ಇಳಿಸುವ ಹಾಗಂತೂ ಇಲ್ಲವೇ ಇಲ್ಲ.

ರಾಗಿ ಬಗ್ಗೆ ಆಮೇಲೆ ಬರೆಯುತ್ತೇನೆ. ಮಗನ ಸಾಕರ್ ಪ್ರಾಕ್ಟೀಸಿಗೆ ಹೊತ್ತಾಯಿತು.

ಇಸಾರ್ ದಂಡೆ (ಮ್ಯೂನಿಕ್):

ಅಕ್ಕ, ಎಲ್ಲ ಒಪ್ಪಿದೆ. ಆದರೆ ಗೋಧಿ ಬಿಯರ್ ಮರೆತೇಬಿಟ್ಟಿರಲ್ಲ! ವೈಸ್‌ಬಿಯರ್ ಯೀಸ್ಟ್ 22-23ರಲ್ಲೂ ಚೆನ್ನಾಗಿ ಬರುತ್ತೆ. ಅರ್ಧಕ್ಕಿಂತ ಜಾಸ್ತಿ ಗೋಧಿ ಮಾಲ್ಟ್, ಉಳಿದದ್ದು ಬಾರ್ಲಿ. ಹಾಪ್ಸ್ ಖರ್ಚು ಬಹಳ ಕಮ್ಮಿ. ಬಾಳೆಹಣ್ಣು, ಲವಂಗ ಎರಡೂ ಯೀಸ್ಟೇ ಕೊಡುತ್ತೆ. ನಮ್ಮ ಜನಕ್ಕೆ ಮೊದಲ ಗುಟುಕಿಗೇ ಹಿಡಿಸುತ್ತೆ, ಕಹಿ ಅಂತ ಮುಖ ಸಿಂಡರಿಸಲ್ಲ.

ಇಲ್ಲಿ ಎಲ್ಲರೂ 1516ರ ಶುದ್ಧತೆ ಕಟ್ಟಳೆ ಬಗ್ಗೆ ಎದೆ ತಟ್ಟಿಕೊಳ್ತಾರೆ. ಬಾರ್ಲಿ, ಹಾಪ್ಸ್, ನೀರು ಮೂರೇ ಅಂತ. ತಮಾಷೆ ಏನಂದರೆ ಮುಂದೆ ಬವೇರಿಯದ ದೊರೆಗಳೇ ಗೋಧಿ ಬಿಯರ್ ಮಾಡುವ ಹಕ್ಕನ್ನು ತಮ್ಮ ಕೈಲಿಟ್ಟುಕೊಂಡು ಚೆನ್ನಾಗಿ ದುಡ್ಡು ಮಾಡಿಕೊಂಡರು.

ತೆಂಗು ಅವರೇ, ಲವಂಗದ ರುಚಿ ಜಾಸ್ತಿ ಬೇಕಾದರೆ ಮ್ಯಾಶ್ ಶುರುವಿನಲ್ಲಿ 45 ಡಿಗ್ರಿಯಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ಆಮೇಲೆ 66ಕ್ಕೆ ಏರಿಸಿ.

ಹಾಪ್ಸ್ ಅಕ್ಕ:

ಇಸಾರ್, ಮರೆತಿಲ್ಲ. ಬೇಕೆಂದೇ ಬಿಟ್ಟೆ. ಅವರ ರೂಮು 25, ಬಕೆಟ್ ಒಳಗೆ 28. ಅಲ್ಲಿ ಲವಂಗ ಮಾಯವಾಗಿ ಬರೀ ಬಾಳೆಹಣ್ಣು ಉಳಿಯುತ್ತೆ, ಅದೂ ಅತಿ ಕಳಿತ ಬಾಳೆಹಣ್ಣು. ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು ದಿನಕ್ಕೆರಡು ಸಲ ಐಸ್ ಬಾಟಲಿ ಬದಲಾಯಿಸುವ ಆಸಕ್ತಿ ಇದ್ದರೆ ಮಾಡಲಿ. ಮೊದಲ ಸಲಕ್ಕೇ ಆ ಕೆಲಸ ಯಾಕೆ? ಡಿಸೆಂಬರಿನಲ್ಲಿ ಮನೆ ತಣ್ಣಗಾದಾಗ ಗೋಧಿ ಬಿಯರ್ ಮಾಡಿ, ನಾನೇ ಭೇಷ್ ಅಂತೀನಿ.

ಸೆಕೆಗೆ ಇನ್ನೊಂದು ಬೇಕಾದರೆ ಸೇಸಾನ್. ಬೆಲ್ಜಿಯಂನ ವಲೋನಿಯಾದ ಹೊಲಮನೆಗಳ ಬಿಯರ್. ಅದರ ಯೀಸ್ಟೂ 30ರ ತನಕ ಖುಷಿಯಾಗಿರುತ್ತೆ. ಆದರೆ ಕೆಲವು ತಳಿಗಳು ಮುಗಿಸಿತು ಅನ್ನಿಸಿ ನಿಂತು, ಬಾಟಲಿಗೆ ಹೋದ ಮೇಲೆ ಮತ್ತೆ ಶುರು ಹಚ್ಚಿಕೊಳ್ಳುತ್ತವೆ. ಬಾಟಲಿ ಸಿಡಿಯುವುದು ಆಗಲೇ. ಹಾಗಾಗಿ ಸೇಸಾನ್ ಎರಡನೆಯದೋ ಮೂರನೆಯದೋ ಆಗಲಿ.

ಗಾಂಧಿ ಬಜಾರ್ ಹುಡುಗ (ಬೆಂಗಳೂರು):

ಓದ್ತಾ ಓದ್ತಾ ಬಾಯಲ್ಲಿ ನೀರು ಬಂತು. ಅಕ್ಕ, ಬೆಂಗಳೂರಲ್ಲಿ ಮಾಡಬಹುದಾ? ನಮ್ಮ ಹವೆ ಹೆಚ್ಚುಕಮ್ಮಿ ವರ್ಷವಿಡೀ ಹಿತವಾಗಿರುತ್ತೆ, ಯೀಸ್ಟಿಗೆ ಹೇಳಿ ಮಾಡಿಸಿದ ಹಾಗಿದೆ.

ಹಾಪ್ಸ್ ಅಕ್ಕ:

ಹವೆ ಸರಿ, ಕಾನೂನು ಸರಿ ಇಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವ ಹಾಗಿಲ್ಲ. ಆನ್‌ಲೈನಿನಲ್ಲಿ ಕಿಟ್ ಸಿಗುತ್ತೆ ಅನ್ನೋದು ಪರ್ಮಿಶನ್ ಅಲ್ಲ. ಸುಮ್ನೆ ರಿಸ್ಕ್ ತಗೋಬೇಡಿ. ನಿಮಗೆ ಬೇರೆ ಅದೃಷ್ಟ ಇದೆ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಅನ್ನೋ ಪಬ್ ಶುರುವಾದ ಕಾಲದಿಂದ ಊರ ತುಂಬ ಮೈಕ್ರೋಬ್ರೂವರಿ (ತಾವೇ ಬಿಯರ್ ಮಾಡಿ ಅಲ್ಲೇ ಕೊಡುವ ಪಬ್) ಬಂದಿವೆ. ವಾರದ ನಡುವೆ, ಜನ ಕಮ್ಮಿ ಇರುವಾಗ ಹೋಗಿ. ಬ್ರೂವರ್ ಬಿಡುವಾಗಿದ್ದರೆ ಮಾತಿಗೆ ಎಳೆಯಿರಿ. ತಮ್ಮ ಟ್ಯಾಂಕಿನ ಬಗ್ಗೆ ಕೇಳಿದರೆ ಖುಷಿ ಪಡದ ಬ್ರೂವರನ್ನು ನಾನಿನ್ನೂ ನೋಡಿಲ್ಲ.

ತಿಪಟೂರು ತೆಂಗು:

ಅಕ್ಕ, ಇಸಾರ್ ಸರ್, ತುಂಬಾ ಥ್ಯಾಂಕ್ಸ್. ಕ್ವೈಕ್ ಅಂತ ತೀರ್ಮಾನ ಮಾಡಿದೆ. ಹೆಂಡತಿಗೆ ಓದಿ ಹೇಳಿದೆ, ರಗ್ಗು ಯಾವುದು ಅಂತ ಕೇಳಿದಳು, ಅಂದರೆ ಒಪ್ಪಿದ ಹಾಗೇ. ಎರಡು ಡೌಟ್ ಉಳಿದಿವೆ. ನಲ್ಲಿ ನೀರು ನಡೆಯುತ್ತಾ? ಬಾಟಲಿ ಸಿಡಿಯುತ್ತೆ ಅಂದಿರಲ್ಲ, ಅದಕ್ಕೆ ಏನು ಮಾಡೋದು? ರಾಗಿ ವಿಷಯ ಬಾಕಿ ಇದೆ, ಜ್ಞಾಪಿಸ್ತಿದ್ದೀನಿ.

ಹಾಪ್ಸ್ ಅಕ್ಕ:

ನೀರು: ಆಸ್ಟಿನ್‌ನಲ್ಲೂ ನಮ್ಮ ಪೋರ್ಟ್‌ಲ್ಯಾಂಡ್ ಕಡೆಯ ಹಾಗೇ ನಲ್ಲಿ ನೀರಿಗೆ ಕ್ಲೋರಮೀನ್ ಹಾಕ್ತಾರೆ. ಕ್ಲೋರಿನ್ ಆದರೆ ಕುದಿಸಿದರೆ ಹೋಗುತ್ತೆ, ಇದು ಅಷ್ಟು ಸುಲಭಕ್ಕೆ ಹೋಗಲ್ಲ. ಬಿಯರಿನಲ್ಲಿ ಬ್ಯಾಂಡೇಜ್ ವಾಸನೆ ಬಂದರೆ ಸಾಮಾನ್ಯವಾಗಿ ಇದೇ ಕಾರಣ. ಕ್ಯಾಂಪ್ಡನ್ ಮಾತ್ರೆ ಅಂತ ಬರುತ್ತೆ. ಒಂದು ಮಾತ್ರೆ 20 ಗ್ಯಾಲನ್ ನೀರಿಗೆ ಸಾಕು. ನಿಮ್ಮ 14 ಲೀಟರಿಗೆ ಕಾಲು ಮಾತ್ರೆ ಪುಡಿ ಮಾಡಿ ಕದಡಿ, ಕೆಲವೇ ನಿಮಿಷದಲ್ಲಿ ಕೆಲಸ ಆಗುತ್ತೆ.

ಬಾಟಲಿ: ಹೈಡ್ರೋಮೀಟರ್ ಎರಡು ದಿನ ಬಿಟ್ಟು ನೋಡಿದರೂ ಅದೇ ಅಂಕಿ ತೋರಿಸುವ ತನಕ ತುಂಬಬೇಡಿ. ಗುಳ್ಳೆ ನಿಂತಿತು ಅಂತ ನಂಬಬೇಡಿ. ತುಂಬುವಾಗ 10 ಲೀಟರಿಗೆ 65 ಗ್ರಾಂ ಸಕ್ಕರೆ, ತೂಕ ಮಾಡಿ ಹಾಕಿ, ಚಮಚದ ಲೆಕ್ಕ ಬೇಡ. ಕಂದು ಬಾಟಲಿನೇ ತಗೊಳ್ಳಿ. ಹಸಿರು, ಬಿಳಿ ಬಾಟಲಿಗೆ ಬಿಸಿಲು ತಾಗಿದರೆ ಹಾಪ್ಸ್ ನಾರುತ್ತೆ, ನಿಮ್ಮ ಮನೆಯ ಮೊದಲ ಷರತ್ತು ಮುರಿಯುತ್ತೆ. ತೊಳೆದ ಮೇಲೆ ಸ್ಟಾರ್ ಸ್ಯಾನ್ (ಕ್ರಿಮಿ ಕೊಲ್ಲುವ ದ್ರಾವಣ) ಬೆರೆಸಿದ ನೀರಲ್ಲಿ ಅದ್ದಿ ತೆಗೆಯಿರಿ. ನೊರೆ ಉಳಿದರೆ ಉಳಿಯಲಿ, ಮತ್ತೆ ತೊಳೆಯಬೇಡಿ. ಎರಡು ವಾರ ಕಪಾಟಿನಲ್ಲಿಟ್ಟು ಆಮೇಲೆ ಫ್ರಿಜ್.

ಈಗ ರಾಗಿ. ಮೊಳಕೆ ಕಟ್ಟಿ ಒಣಗಿಸಿದ ರಾಗಿ ಅಂದರೆ ಅದೂ ಮಾಲ್ಟೇ. ನಮ್ಮ ಅಜ್ಜಿಯರು ಮಕ್ಕಳಿಗೆ ಮಾಡುತ್ತಿದ್ದದ್ದೂ ಬ್ರೂವರಿಯವರು ಬಾರ್ಲಿಗೆ ಮಾಡುವುದೂ ಒಂದೇ ಕೆಲಸ. ಆದರೆ ಎರಡು ತೊಡಕು. ರಾಗಿಗೆ ಬಾರ್ಲಿಯಂಥ ಹೊಟ್ಟಿಲ್ಲ, ಹಿಟ್ಟು ಮಾಡಿ ಹಾಕಿದರೆ ಚೀಲ ಕಟ್ಟಿಕೊಂಡು ನೀರು ಇಳಿಯಲ್ಲ. ಇನ್ನೊಂದು, ಅದರ ಪಿಷ್ಟ ಬೇಯಲು ಬಾರ್ಲಿಗಿಂತ ಜಾಸ್ತಿ ಬಿಸಿ ಬೇಕು. ಹಾಗಾಗಿ ನುಚ್ಚು ಮಾಡಿಸಿ. 300 ಗ್ರಾಂ ನುಚ್ಚನ್ನು ಬೇರೆ ಪಾತ್ರೆಯಲ್ಲಿ ಗಂಜಿ ಹದಕ್ಕೆ ಬೇಯಿಸಿ. ಬಾರ್ಲಿಯನ್ನು ಅಷ್ಟೇ ಕಮ್ಮಿ ಮಾಡಿ, ಬೆಂದ ರಾಗಿಯನ್ನು ಅದರ ಜೊತೆ ಚೀಲಕ್ಕೆ ಸೇರಿಸಿ. ಬೇಯಿಸಿದಾಗ ರಾಗಿಯ ಎನ್‌ಜೈಮ್ ಸಾಯುತ್ತೆ, ಬಾರ್ಲಿಯದು ಇಬ್ಬರ ಕೆಲಸವನ್ನೂ ಮಾಡುತ್ತೆ. ಬಿಸಿ ಗಂಜಿ ಬಿದ್ದಾಗ ಮ್ಯಾಶ್ 67 ದಾಟದ ಹಾಗೆ ಥರ್ಮಾಮೀಟರ್ ಮೇಲೆ ಕಣ್ಣಿರಲಿ.

ಇದನ್ನು ಎರಡನೇ ಬ್ಯಾಚಿಗೆ ಇಟ್ಟುಕೊಳ್ಳಿ. ಮೊದಲನೆಯದು ಬರೀ ಬಾರ್ಲಿಯದೇ ಆಗಲಿ. ಆಗ ರಾಗಿ ಏನು ಸೇರಿಸಿತು ಅಂತ ನಾಲಿಗೆಗೆ ಗೊತ್ತಾಗುತ್ತೆ. ಅಮ್ಮನ ಚೀಲ ಹುಳ ಹಿಡಿಯದ ಹಾಗೆ ಫ್ರೀಜರಿನಲ್ಲಿಡಿ.

ಇಸಾರ್ ದಂಡೆ:

ಡಿಸೆಂಬರಿನ ಗೋಧಿ ಬಿಯರಿಗೆ ನಾನು ಬರ್ತೀನಿ. ಯಾವ ಯೀಸ್ಟ್ ಅಂತ ಆಗ ಜಗಳ ಆಡೋಣ.