ಬಾವುಟಗುಡ್ಡೆಗೆ ಹೋಗಿ ಬಂದವರು ಸ್ವಲ್ಪ ಹೇಳಿ

ಹಾಸನದಿಂದ ಪ್ರಶ್ನೆ: ರಜೆಗೆ ಮಕ್ಕಳನ್ನೂ ಅತ್ತೆಯವರನ್ನೂ ಮಂಗಳೂರಿಗೆ ಕರೆದುಕೊಂಡು ಹೋಗ್ತಿದ್ದೇವೆ. ಬಾವುಟಗುಡ್ಡೆಯ ಹಳೇ ಲೈಟ್‌ಹೌಸ್ ಇರುವಲ್ಲೇ 1837ರ ಹೋರಾಟದ ಸ್ಮಾರಕವೂ ಇದೆಯಂತೆ. ಮಕ್ಕಳಿಗೆ ಇಷ್ಟವಾಗುತ್ತಾ?

ಸಕಲೇಶಪುರದಿಂದ: ಖಂಡಿತ ಹೋಗಿ ಅಕ್ಕ. ಆದರೆ ಕಥೆಯನ್ನು ಮನೆಯಲ್ಲೇ ಹೇಳಿಕೊಂಡು ಹೋಗಿ. ಇಲ್ಲದಿದ್ದರೆ ಮಕ್ಕಳಿಗೆ ಅದು ಬರೀ ಪಾರ್ಕು. ಲೈಟ್‌ಹೌಸ್ ಕೂಡ ಅಂಥ ಎತ್ತರದ್ದೇನಲ್ಲ. ಹಡಗುಗಳ ಮೇಲೆ ಕಣ್ಣಿಡಲು ಹೈದರಾಲಿ ಕಟ್ಟಿಸಿದ್ದು ಅಂತ ಹೇಳ್ತಾರೆ.

ಕಥೆ ಶುರುವಾಗುವುದು ನಮ್ಮ ಪಕ್ಕದಲ್ಲೇ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗನ್ನು ವಶಪಡಿಸಿಕೊಂಡರು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಮಂಗಳೂರು ಇದ್ದ ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯಲ್ಲೇ ಕಂದಾಯ ಕೊಡ್ತಿದ್ದ ರೈತರು ನಗದು ಕಟ್ಟಬೇಕಾಯಿತು. ಭತ್ತ ಬೆಳೆಯುವವನ ಕೈಯಲ್ಲಿ ಕಾಸು ಎಲ್ಲಿಂದ ಬರಬೇಕು ಹೇಳಿ? ಶನಿವಾರಸಂತೆ ಕಡೆಯ ಪುಟ್ಟಬಸಪ್ಪ ಕಲ್ಯಾಣಸ್ವಾಮಿ ಎಂಬ ಹೆಸರಲ್ಲಿ ಮುಂದೆ ನಿಂತರು, ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರು ಜನ ಸೇರಿಸಿದರು. 1837ರ ಏಪ್ರಿಲ್ 5ರಂದು ರೈತರ ದಂಡು ಮಂಗಳೂರನ್ನೇ ಹಿಡಿಯಿತು. ಇದೇ ಗುಡ್ಡದ ಮೇಲೆ ಬ್ರಿಟಿಷರ ಬಾವುಟ ಇಳಿಸಿ ತಮ್ಮ ಬಾವುಟ ಹಾರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಸಿಪಾಯಿ ದಂಗೆಗಿಂತ 20 ವರ್ಷ ಮೊದಲು! ಆಮೇಲೆ ಪುಟ್ಟಬಸಪ್ಪನವರನ್ನು ಗಲ್ಲಿಗೇರಿಸಿದರು.

ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅಲ್ಲಿ ನಿಂತಿದ್ದು 2022ರ ನವೆಂಬರ್‌ನಲ್ಲಿ. ನನ್ನ ಮಗಳು ಅದರ ಮುಂದೆ ನಿಂತು, 'ಇವರು ಸುಳ್ಯದಿಂದ ನಡ್ಕೊಂಡೇ ಬಂದ್ರಾ?' ಅಂತ ಕೇಳಿದಳು. ಆ ಪ್ರಶ್ನೆ ಬಂತಲ್ಲ, ಅಷ್ಟು ಸಾಕಾಯಿತು ನನಗೆ.

ಚಿಕ್ಕಮಗಳೂರಿನಿಂದ: ಬೆಳಿಗ್ಗೆಯೇ ಗುಡ್ಡ ನೋಡಿ ಮುಗಿಸಿ. ನಮ್ಮ ಕಡೆಯವರಿಗೆ ಅಲ್ಲಿನ ಸೆಕೆ ತಡೆಯಲ್ಲ. ಅತ್ತೆಯವರನ್ನು ಗುಡ್ಡದ ಮೇಲಿನವರೆಗೂ ಆಟೋದಲ್ಲೇ ಕರೆದುಕೊಂಡು ಹೋಗಿ, ಸುಮ್ನೆ ಏರು ಹತ್ತಿಸಬೇಡಿ. ಹತ್ತಿರದಲ್ಲೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಇಟಲಿಯ ಮೊಸ್ಕೇನಿ ಅದರ ಗೋಡೆ, ಛಾವಣಿ ತುಂಬ ಚಿತ್ರ ಬರೆದಿದ್ದಾರೆ. ತಲೆ ಎತ್ತಿ ನೋಡ್ತಾ ಕುತ್ತಿಗೆ ನೋಯುತ್ತದೆ, ಆದರೂ ಬಿಡಬೇಡಿ.

ಹಾಸನದ ಇನ್ನೊಬ್ಬರಿಂದ: ಮಕ್ಕಳಿಗೆ ಲೈಟ್‌ಹೌಸ್ ಹತ್ತಲೇಬೇಕು ಅಂತಿದ್ದರೆ ಉಡುಪಿ ಹತ್ತಿರದ ಕಾಪುಗೆ ಹೋಗಿ. 1901ರದ್ದು, ಸಮುದ್ರದ ಬಂಡೆಯ ಮೇಲೇ ಇದೆ. ಒಳಗೆ ಬಿಡುವುದು ಸಂಜೆ ಹೊತ್ತು ಮಾತ್ರ. ಮಳೆಗಾಲವಾದರೆ ಹೊರಡುವ ಮುಂಚೆ ಶಿರಾಡಿ ಘಾಟ್ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿ, ದೋಣಿಗಾಲ್ ಹತ್ತಿರ ಗುಡ್ಡ ಕುಸಿಯುತ್ತಿರುತ್ತದೆ. ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುವುದು ಜಾಸ್ತಿ, ಒಂದೆರಡು ನಿಂಬೆಹಣ್ಣು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.